ಕುಲಪತಿಗಳ ಮಂಚ ಬೀದಿಗೆ ಬಂತು

ಹತ್ತಿರ ಬಾರೇ, ಮೆಲ್ಲಗೆ ಹೇಳ್ತೀನಿ. ಯಾರ ಮುಂದೆಯೂ ಬಾಯಿ ಬಿಡಬೇಡ, ನನ್ನಾಣೆ. ಹೇಳೋಕೇ ನಾಚಿಕೆ.

ವಿಶ್ವವಿದ್ಯಾಲಯ ಸಾಲ ಎತ್ತಿದರೆ ಅದು ಓದೋ ಮಕ್ಕಳ ಅನುಕೂಲಕ್ಕೇ ಹೋಗಬೇಕು ಅಂತ ಸರ್ಕಾರದ ಕಾನೂನು. ನಮ್ಮ ಕುಲಪತಿಗಳು ಹುಡುಗಿಯರ ಹಾಸ್ಟೆಲ್ ಅಂತ ಸಾಲ ತಂದು, ಬಂಗಲೆ ಕಟ್ಟಿಸಿ ತಾವೇ ಹೊಕ್ಕರು. ಅಷ್ಟರಲ್ಲಿ ಮಾರನೇ ದಿನವೇ ತನಿಖೆಗೆ ಅಧಿಕಾರಿ ಬರ್ತಾರೆ ಅಂತ ಸುದ್ದಿ ಬಂತು. ಕುಲಪತಿಗಳು ತಮ್ಮ ಆಫೀಸಿನ ಜವಾನನನ್ನು, ಅದೇ ನಮ್ಮ ಎದುರುಮನೆಯವನನ್ನು ಕರೆದು, "ನಾಳೆ ಇದು ಹಾಸ್ಟೆಲ್ ಥರ ಕಾಣಬೇಕು. ಇಲ್ಲದಿದ್ದರೆ ನಿನ್ನ ಕೆಲಸ ಹೋಯ್ತು" ಅಂದರು.

"ಆಗಲಿ ಸಾರ್" ಅಂದ. ಬಾಡಿಗೆ ಕೋಣೆಗಳಲ್ಲಿ ಒದ್ದಾಡುತ್ತಿದ್ದ ಹುಡುಗಿಯರನ್ನು ಟ್ರಂಕು ಚಾಪೆ ಸಮೇತ ತಂದು ತುಂಬಿಸಿದ. ಅಧಿಕಾರಿ ನೋಡಿ ಮೆಚ್ಚಿ ಹೋದರು.

"ಇನ್ನು ಇವರನ್ನ ಕಳಿಸಯ್ಯಾ."

"ಕಳಿಸಿದರೆ ನೇರ ಆ ಅಧಿಕಾರಿ ಹತ್ತಿರವೇ ಹೋಗ್ತಾರೆ ಸಾರ್. ಹುಡುಗಿಯರ ಹಾಸ್ಟೆಲಲ್ಲಿ ಗಂಡಸರು ಮಲಗೋ ಹಾಗಿಲ್ಲ. ನಿಮ್ಮ ಮಂಚ ಎಲ್ಲಿ ಹಾಕಿಸಲಿ?"

ಕುಲಪತಿಗಳು ತಲೆ ತಗ್ಗಿಸಿ ಮಂಚದ ಹಿಂದೆ ನಡೆದರು.

ನಾನೋ, ಹುಡುಗಿಯರು ಬಂಗಲೆ ಹೊಕ್ಕಿದ್ದನ್ನ ದೂರದಿಂದ ನೋಡಿ ಬೀದಿಗೆಲ್ಲ ಬೇರೇನೋ ಸಾರಿಬಿಟ್ಟಿದ್ದೆ. ಜವಾನ ನಲ್ಲಿ ಹತ್ತಿರ ಎಲ್ಲರೆದುರೇ ಅಂದ: "ಅಜ್ಜೀ, ಅಲ್ಲಿ ಮೊದಲು ಟ್ರಂಕು ಇಳಿಸಿದವಳು ನಿಮ್ಮ ಮೊಮ್ಮಗಳು. ನಿಮ್ಮ ಬಾಯಿಗೆ ಹೆದರಿಯೇ ಅವಳು ನಿಮ್ಮ ಮನೆ ಬಿಟ್ಟು ಬಾಡಿಗೆ ಕೋಣೆ ಹಿಡಿದಿದ್ದಳು."