ಕಾಗದದ ಮಾವ

"ಅಜ್ಜಾರೆ, ಕಾಯಿದೆಗಳು ದಿನಕ್ಕೊಂದು ಬರುತ್ತಿವೆ. ತೆರಿಗೆಯದು ಒಂದು, ವಿಮೆಯದು ಒಂದು, ಆಳುಗಳದು ಮತ್ತೊಂದು. ಇವುಗಳಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬಾರದು?"

ಕೇಳಿದವನು ಪೇಟೆಯಲ್ಲಿ ಹೊಲಿಗೆಯ ಕಾರ್ಖಾನೆ ಇಟ್ಟುಕೊಂಡ ಶಿಷ್ಯ. ಹದಿನಾಲ್ಕು ಯಂತ್ರ, ಹದಿನಾಲ್ಕು ಜನ. ಮಠಕ್ಕೆ ಬಂದು ಕೂತಿದ್ದರೂ ಕೂತ ಹಾಗಿರಲಿಲ್ಲ.

"ನೀನು ಈಗ ಯಾವುದಕ್ಕೆ ಹೆದರಿದ್ದೀಯ?" ಎಂದರು ಅಜ್ಜಯ್ಯ.

"ಎಲ್ಲಕ್ಕೂ."

"ಎಲ್ಲಕ್ಕೂ ಹೆದರಿದವನೊಬ್ಬನ ಕತೆ ಇದೆ, ಕೇಳು" ಎಂದು ಅಜ್ಜಯ್ಯ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಮಂಡಕ್ಕಿ ಭಟ್ಟಿಯ ಮಾಲೀಕನಿದ್ದ. ಅಪ್ಪನ ಕಾಲದ ಭಟ್ಟಿ. ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸುವುದು, ಅದರಲ್ಲಿ ಅಕ್ಕಿ ಅರಳಿಸುವುದು, ಜರಡಿ ಹಿಡಿದು ಚೀಲ ತುಂಬುವುದು. ಹನ್ನೊಂದು ಜನ ದುಡಿಯುತ್ತಿದ್ದರು. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಜರಡಿ ಹಿಡಿಯುವವಳು ಎಲ್ಲರಿಗೂ ಅತ್ತಿಗೆ. ಚೀಲ ಹೊರುವವನು ಎಲ್ಲರಿಗೂ ಚಿಕ್ಕಪ್ಪ. ಮರಳಿನ ಮುಂದೆ ಕೂತು ಹುರಿಯುವವನು ಎಲ್ಲರಿಗೂ ಮಾವ.

ಈ ಮಾವನಿಗೆ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಭಟ್ಟಿಯ ಹಿಂದಿನ ತಗಡಿನ ಕೋಣೆಯಲ್ಲೇ ಬೇಯಿಸಿಕೊಂಡು ಉಣ್ಣುತ್ತಿದ್ದ. ಮಾಲೀಕ ಚಡ್ಡಿ ಹಾಕುವ ವಯಸ್ಸಿನಿಂದ ಅವನನ್ನು ಮಾವ ಎಂದೇ ಕರೆದು ಬೆಳೆದವನು.

ಹೀಗಿರುವಾಗ ಸರ್ಕಾರ ಹಳೆಯ ಕಾಯಿದೆಗಳನ್ನು ಮಡಿಸಿಟ್ಟು ಹೊಸದನ್ನು ಬಿಚ್ಚಿತು. ಹತ್ತೋ ಹೆಚ್ಚೋ ಜನ ದುಡಿಯುವ ಕಡೆ ಪ್ರತಿ ಆಳಿಗೂ ನೇಮಕದ ಕಾಗದ ಕೊಡಬೇಕು. ಅವನ ಹೆಸರಿನಲ್ಲಿ ವಿಮೆ ಕಟ್ಟಬೇಕು. ತೆರಿಗೆಯವರಿಗೆ ತೋರಿಸಿದ ಕೂಲಿಗೂ ಹಾಜರಿ ಪುಸ್ತಕದ ಹೆಸರಿಗೂ ತಾಳೆಯಾಗಬೇಕು. ತಪ್ಪಿದರೆ ದಂಡ. ಇನ್ನೊಮ್ಮೆ ತಪ್ಪಿದರೆ ಬೀಗ.

ಮಾಲೀಕನಿಗೆ ಅನ್ನ ಸೇರದಾಯಿತು. ಬೀದಿಯಲ್ಲಿ ಜೀಪಿನ ಸದ್ದು ಕೇಳಿದರೆ ತಟ್ಟೆ ಬಿಟ್ಟು ಕಿಟಕಿಗೆ ಓಡುತ್ತಿದ್ದ. ಇಸ್ತ್ರಿ ಅಂಗಿಯವರು ಯಾರು ಬಂದರೂ ಎದ್ದು ನಿಲ್ಲುತ್ತಿದ್ದ. ಬಂದವರು ಎರಡು ಸೇರು ಮಂಡಕ್ಕಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ವಿಮೆಯ ಕಂತೇನೂ ಅವನಿಗೆ ಭಾರವಾಗಿರಲಿಲ್ಲ. ಆದರೆ ಒಮ್ಮೆ ಹೆಸರು ಬರೆಸಿದರೆ ಹಿಂದಿನ ಇಪ್ಪತ್ತು ವರ್ಷಗಳದ್ದನ್ನೂ ಕೆದಕುತ್ತಾರೆ ಎಂದು ಯಾರೋ ಹೇಳಿಬಿಟ್ಟಿದ್ದರು. ಬರೆಸಿದರೂ ಭಯ, ಬರೆಸದಿದ್ದರೂ ಭಯ.

ಕಚೇರಿಯ ಮುಂದೆ ಫಾರಂ ತುಂಬಿಸಿಕೊಡುವ ಏಜೆಂಟನೊಬ್ಬ ಇದ್ದ. ಮಾಲೀಕ ಅವನ ಹತ್ತಿರ ಹೋಗಿ ಎಲ್ಲ ಹೇಳಿಕೊಂಡ. ಏಜೆಂಟ್ ಎಲೆಅಡಿಕೆ ಉಗಿದು ಬಂದು ಕೂತ.

"ಇಷ್ಟಕ್ಕೆ ಯಾಕೆ ಸೊರಗಿದ್ದೀರಿ ಸಾವ್ಕಾರ್ರೆ? ಕಾಯಿದೆ ಇರೋದು ಆಳುಗಳಿಗೆ. ಮನೆಯವರು ಮನೆಯ ಕೆಲಸ ಮಾಡಿದರೆ ಅದಕ್ಕೆಂಥ ಕಾಯಿದೆ? ನಿಮ್ಮ ಭಟ್ಟಿಯಲ್ಲಿ ಆಳು ಅಂತ ಯಾರಿದ್ದಾರೆ, ನೀವೇ ಹೇಳಿ. ಒಬ್ಬ ಚಿಕ್ಕಪ್ಪ, ಒಬ್ಬಳು ಅತ್ತಿಗೆ, ಒಬ್ಬ ಮಾವ. ಕರೆಯೋ ಹಾಗೇ ಬರೆದುಬಿಡೋಣ."

ಕರೆಯುವ ಹಾಗೆಯೇ ಬರೆದರು. ಹನ್ನೊಂದು ಜನವೂ ಹನ್ನೊಂದು ನಂಟರಾದರು. ಮಾಲೀಕ ಕೆಳಗೆ ಸಹಿ ಹಾಕಿದ.

ಆ ಕಾಗದದ ನಕಲನ್ನು ಅವನ ಹೆಂಡತಿ ಓದಿದಳು.

"ನಮ್ಮಪ್ಪ ಹೋಗಿ ಆರು ವರ್ಷ ಆಯ್ತು. ಮಂಡಕ್ಕಿ ಹುರಿಯೋಕೆ ಅಂತ ಎದ್ದು ಬಂದರಾ?"

"ಸುಮ್ಮನಿರು. ಬಾಯಲ್ಲಿ ಕರೆಯೋದನ್ನೇ ಬರೆದಿದ್ದೀನಿ."

"ಬಾಯಲ್ಲಿ ಕರೆಯೋಕೆ ಏನೂ ಖರ್ಚಿಲ್ಲ ನೋಡಿ" ಎಂದು ಅವಳು ಕಾಗದವನ್ನು ಮಡಿಸಿ ಅವನ ಕೈಗೇ ಕೊಟ್ಟಳು.

ಸುದ್ದಿ ಭಟ್ಟಿಗೂ ಮುಟ್ಟಿತು. ಮಾಲೀಕ ಒಳಗೆ ಬಂದರೆ ಜರಡಿ ಹಿಡಿಯುವವಳು, "ಮಾವ, ಅಳಿಯಂದ್ರು ಬಂದ್ರು, ಕಾಲಿಗೆ ನೀರು ಕೊಡು" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಮಾಲೀಕನೂ ನಗುತ್ತಿದ್ದ. ಆದರೆ ನಗುವಾಗ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಮೊದಲು ಅವನಿಗೆ ಕಾಯಿದೆಯೊಂದರ ಭಯವಿತ್ತು. ಈಗ ಹನ್ನೊಂದು ಬಾಯಿಗಳ ಭಯ. ಇವರಲ್ಲಿ ಯಾರು ಯಾವ ಹೊತ್ತಿನಲ್ಲಿ ಬಾಯಿ ಬಿಡುತ್ತಾರೋ ಎಂದು ಯಾರನ್ನೂ ಗದರದಾದ. ಕೇಳಿದವರಿಗೆಲ್ಲ ರಜೆ ಕೊಟ್ಟ. ಯಾರಾದರೂ ಇಬ್ಬರು ಮಾತಾಡುತ್ತ ನಿಂತರೆ ಏನೋ ನೆಪ ಹೂಡಿ ಅವರ ಪಕ್ಕಕ್ಕೇ ಬಂದು ನಿಲ್ಲುತ್ತಿದ್ದ.

ತಿಂಗಳು ಕಳೆದ ಮೇಲೆ ಅಧಿಕಾರಿ ಬಂದೇ ಬಂದ. ಕಾಗದ ಹಿಡಿದು ಭಟ್ಟಿಯೊಳಗೆ ಸುತ್ತಾಡಿದ. ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತ ಮಾವನ ಎದುರು ನಿಂತ. ಮಾಲೀಕನನ್ನು ತೋರಿಸಿ ಕೇಳಿದ.

"ಇವರು ನಿಮಗೆ ಏನಾಗಬೇಕು?"

ಮಾಲೀಕ ಪಕ್ಕದ ಕಂಬ ಹಿಡಿದುಕೊಂಡ.

ಮಾವ ಮರಳಿನ ಮೇಲಿಂದ ಕಣ್ಣೆತ್ತಲಿಲ್ಲ. "ಅಳಿಯ ಆಗಬೇಕು" ಎಂದ.

"ಮಗಳೆಲ್ಲಿ?"

"ಒಳಗಿದ್ದಾಳೆ. ನನ್ನ ಮೇಲೆ ಮುನಿಸು. ಕರೆದರೆ ನಿಮಗೂ ಎರಡು ಬೀಳುತ್ತೆ ಸ್ವಾಮಿ."

ಅಧಿಕಾರಿ ನಕ್ಕುಬಿಟ್ಟ. ಕಾಗದದ ಮೇಲೆ ಸರಿ ಎಂದು ಗೀಟು ಹಾಕಿ, ಒಂದು ಹಿಡಿ ಬಿಸಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಹೋದ.

ಮಾಲೀಕ ಮಾವನ ಪಕ್ಕದಲ್ಲಿ ಕುಸಿದು ಕೂತ. "ಮನೆ ಉಳಿಸಿದೆ ಮಾವ. ನಾನು ಸುಳ್ಳು ಹೇಳಿಸಿದೆ ನಿನ್ನ ಕೈಲಿ" ಎಂದ.

"ಸುಳ್ಳು ಅಂತ ಯಾಕಂತೀರಿ ಸಾವ್ಕಾರ್ರೆ? ಈ ವಯಸ್ಸಿಗೆ ನನಗೂ ಒಂದು ಮನೆ ಅಂತ ಕಾಗದದಲ್ಲಿ ಬಂತಲ್ಲ, ಇರಲಿ ಬಿಡಿ" ಎಂದ ಮಾವ. ಮತ್ತೆ ಬಾಣಲೆಗೆ ಅಕ್ಕಿ ಸುರಿದ.

ಆಮೇಲೆ ಮಾಲೀಕ ಎರಡು ದಿನ ನೆಟ್ಟಗೆ ಉಂಡ. ಮೂರನೆಯ ದಿನ ಬೆಳಗ್ಗೆ ಭಟ್ಟಿಯ ಒಲೆಯ ಕಟ್ಟೆ ಕುಸಿಯಿತು. ಬಾಣಲೆ ಮುಂದಕ್ಕೆ ವಾಲಿತು. ಕಾದ ಮರಳು ಮಾವನ ಎರಡೂ ಕೈಗಳ ಮೇಲೆ ಮೊಣಕೈವರೆಗೆ ಸುರಿಯಿತು.

ಮಾಲೀಕ ಹಿಂದೆ ಮುಂದೆ ನೋಡಲಿಲ್ಲ. ತಾನೇ ಎತ್ತಿಕೊಂಡ. ಆಟೋದಲ್ಲಿ ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪೇಟೆಯ ದೊಡ್ಡ ಆಸ್ಪತ್ರೆಗೆ ತಂದ. ದಾರಿಯುದ್ದಕ್ಕೂ, "ಏನೂ ಆಗಲ್ಲ ಮಾವ, ನಾನಿದ್ದೀನಿ" ಎನ್ನುತ್ತಿದ್ದ. ಅದನ್ನು ಮನಸ್ಸಿನಿಂದಲೇ ಹೇಳಿದ.

ವೈದ್ಯರು ನೋಡಿದರು. ಬೆರಳು ಉಳಿಯಬೇಕಾದರೆ ಈಗಲೇ ಶಸ್ತ್ರಕ್ರಿಯೆ ಮಾಡಬೇಕು, ಹೊತ್ತು ಹೋದರೆ ಕೈಯೇ ಹೋಗುತ್ತದೆ ಎಂದರು. ಸಹಿ ಮಾಡಿಸಿಕೊಂಡು ಬನ್ನಿ ಎಂದು ಕಳಿಸಿದರು.

ಗಾಲಿಮಂಚವನ್ನು ಗುಮಾಸ್ತನ ಮೇಜಿನ ಹತ್ತಿರ ತಂದು ನಿಲ್ಲಿಸಿದರು. ಗುಮಾಸ್ತ ಒಂದು ಕಾಗದ ಮುಂದಿಟ್ಟ.

"ಇವರ ಕೈಲಿ ಸಹಿ ಆಗಲ್ಲ. ವಿಮೆ ಕಾರ್ಡು ಇದೆಯಾ? ಇದ್ದರೆ ಮಾಲೀಕರ ಸಹಿ ಸಾಕು. ಇಲ್ಲದಿದ್ದರೆ ಮನೆಯವರ ಸಹಿ ಬೇಕು. ನೀವು ಇವರಿಗೆ ಏನಾಗಬೇಕು?"

ಮಾಲೀಕ ಪೆನ್ನು ತೆಗೆದುಕೊಂಡ. ಆಗ ಪಕ್ಕದಲ್ಲಿ ನಿಂತವನು ಕಣ್ಣಿಗೆ ಬಿದ್ದ. ಸುಟ್ಟ ಗಾಯವೆಂದರೆ ವಿಚಾರಿಸಿ ಬರೆದುಕೊಳ್ಳಲು ಬರುವ ಪೊಲೀಸು ಪೇದೆ. ಅವನೂ ಪುಸ್ತಕ ಬಿಚ್ಚಿ ಕಾಯುತ್ತಿದ್ದ.

ಮಾಲೀಕ ಎಂದು ಬರೆದರೆ ಕಾರ್ಡು ಕೇಳುತ್ತಾರೆ, ಕಚೇರಿಯಲ್ಲಿ ಕೊಟ್ಟ ಕಾಗದ ಸುಳ್ಳಾಗುತ್ತದೆ, ಭಟ್ಟಿಗೆ ಬೀಗ. ಅಳಿಯ ಎಂದು ಬರೆದರೆ ಪೊಲೀಸಿನವನ ಎದುರಿಗೇ ಇನ್ನೊಂದು ಸುಳ್ಳು. ನಾಳೆ ಅವನು ಮನೆಗೆ ಬಂದು ಹೆಂಡತಿಯನ್ನು ಕೇಳಿದರೆ ಅವಳೇನು ಹೇಳುತ್ತಾಳೆ? ಪೆನ್ನಿನ ತುದಿ ಕಾಗದದಿಂದ ಒಂದು ಬೆರಳು ಮೇಲೆ ನಿಂತಿತು. ಕೆಳಗಿಳಿಯಲಿಲ್ಲ.

"ಬೇಗ ಹೇಳಿ ಯಜಮಾನ್ರೆ, ವೈದ್ಯರು ಕಾಯ್ತಿದ್ದಾರೆ" ಎಂದ ಗುಮಾಸ್ತ.

ಮಾಲೀಕ ಮಾವನ ಕಡೆ ನೋಡಿದ. ಮಾವ ಮೊದಲೇ ಅವನನ್ನು ನೋಡುತ್ತಿದ್ದ. ಮೂವತ್ತು ವರ್ಷ ಮರಳಿನ ಬಣ್ಣ ನೋಡಿಯೇ ಅದರ ಕಾವು ಹೇಳಿದವನಿಗೆ ಒಬ್ಬ ಮನುಷ್ಯನ ಮುಖ ನೋಡಿ ಒಳಗಿನದು ತಿಳಿಯುವುದು ಕಷ್ಟವೆ?

"ಅವರನ್ನು ಯಾಕೆ ಕೇಳ್ತೀರಿ?" ಎಂದ ಮಾವ. ನೋವಿನಲ್ಲಿ ಮಾತು ತುಂಡುತುಂಡಾಗಿ ಬಂತು. "ಅವರು ನನಗೆ ಏನೂ ಆಗಬೇಕಿಲ್ಲ. ದಾರಿಯಲ್ಲಿ ಹೋಗ್ತಿದ್ದರು. ಎತ್ತಿಕೊಂಡು ಬಂದರು."

"ಹೌದಾ?" ಎಂದು ಪೇದೆ ಮಾಲೀಕನನ್ನು ಕೇಳಿದ.

ಮಾಲೀಕನ ತಲೆ ಹೌದೆಂದು ತಾನಾಗಿಯೇ ಆಡಿತು.

ಪೇದೆ ಪುಸ್ತಕ ಮುಚ್ಚಿದ. ಗುಮಾಸ್ತ ಮಾಲೀಕನ ಕೈಯಿಂದ ಪೆನ್ನು ವಾಪಸು ತೆಗೆದುಕೊಂಡ. "ಸಂಬಂಧ ಇಲ್ಲದವರಿಗೆ ಇಷ್ಟು ಯಾರು ಮಾಡ್ತಾರೆ ಈ ಕಾಲದಲ್ಲಿ? ಪುಣ್ಯವಂತರು ನೀವು" ಎಂದ.

ಎಷ್ಟೋ ತಿಂಗಳ ಮೇಲೆ ಆ ಮಾಲೀಕನ ಎದೆ ಹಗುರವಾಯಿತು. ಈಗ ಅವನಿಗೆ ಯಾವ ಕಾಯಿದೆಯ ಭಯವೂ ಇರಲಿಲ್ಲ.

ಅಜ್ಜಯ್ಯ ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯ ಕಾದ. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಅಜ್ಜಾರೆ, ಹಾಗಾದರೆ ಆ ಕಾಗದಕ್ಕೆ ಸಹಿ ಹಾಕಿದವರು ಯಾರು? ಮಾವನ ಕೈ ಉಳಿಯಿತೋ ಇಲ್ಲವೋ?"

"ಸಹಿ ಹಾಕಬಹುದಾದ ಕೈಗಳು ಅಲ್ಲಿ ಒಬ್ಬನವೇ ಇದ್ದವು" ಎಂದರು ಅಜ್ಜಯ್ಯ, "ಅವನು ಅವೆರಡನ್ನೂ ಜೋಡಿಸಿ ಗುಮಾಸ್ತನಿಗೆ ನಮಸ್ಕಾರ ಮಾಡುತ್ತಿದ್ದ."