ಗೋಡೆಯ ಮೇಲೆ ಮಲಗಿದ ಹುಡುಗಿ

ಒಂದಾನೊಂದು ಕಾಲದಲ್ಲಿ, ನಾಯಿಗೂ ಮನುಷ್ಯರಿಗೂ ಒಂದೇ ಓಣಿ ಇದ್ದ ಕಾಲದಲ್ಲಿ, ದ್ಯಾಮವ್ವ ಅಂತ ಒಬ್ಬ ಚಿತ್ರಗಾರ್ತಿ ಇದ್ದಳಂತೆ. ಅವಳಿಗೆ ರಂಗಿ ಅಂತ ಒಬ್ಬಳೇ ಮಗಳು, ರಂಗಿಗೆ ಬೂದ್ಯಾ ಅಂತ ಒಂದೇ ನಾಯಿ. ಆ ಊರಿನ ಜನ ಬಹಳ ಒಳ್ಳೆಯವರು. ಬಾವಿಗೆ ಹೋಗುವ ಓಣಿಯಲ್ಲಿ ನಾಯಿ ಕಂಡರೆ ಕಲ್ಲು ಎಸೆಯುತ್ತಿದ್ದರು, ಅಷ್ಟೇ. ಒಂದು ದಿನ ಬೂದ್ಯಾನಿಗೆ ಏಟು ಬೀಳುತ್ತೆ ಅಂತ ರಂಗಿ ಅಡ್ಡ ಬಂದಳಂತೆ, ಕಲ್ಲು ಅವಳ ತಲೆಗೆ ಬಿತ್ತಂತೆ, ಸಂಜೆಯೊಳಗೆ ಹುಡುಗಿ ಹೋಗಿಬಿಟ್ಟಳಂತೆ. ಓಣಿಯಲ್ಲಿದ್ದವರೆಲ್ಲ ಕಲ್ಲು ಎಸೆದಿದ್ದರಂತೆ, ಆ ಒಂದು ಕಲ್ಲನ್ನು ಮಾತ್ರ ಯಾರೂ ಎಸೆದಿರಲಿಲ್ಲವಂತೆ.

ಆಮೇಲೆ ಊರು ಕೂಡಿತು. ಎಲ್ಲರೂ ಅತ್ತರು, ಅತ್ತು ನ್ಯಾಯ ತೀರಿಸಿದರು: ನಾಯಿ ಇಲ್ಲದಿದ್ದರೆ ಕಲ್ಲು ಯಾಕೆ ಎಸೀತಿದ್ದೆವು, ತಪ್ಪು ನಾಯಿಯದೇ, ಅಮಾವಾಸ್ಯೆಗೆ ಓಣಿಯ ನಾಯಿಗಳನ್ನೆಲ್ಲ ಹೊಡೆದು ಮುಗಿಸೋಣ. ಮಗಳ ಮೈವಾಸನೆ ಗೊತ್ತಿದ್ದ ಜೀವ ಅಂತ ದ್ಯಾಮವ್ವನಿಗೆ ಉಳಿದದ್ದು ಬೂದ್ಯಾ ಒಂದೇ. ಅವಳು ಊರ ಗೌಡನ ಕಾಲಿಗೆ ಬಿದ್ದು, ಅಮಾವಾಸ್ಯೆವರೆಗೂ ಓಣಿಯ ಗೋಡೆ ನನಗೆ ಕೊಡಿ, ಕಲ್ಲು ನಿಲ್ಲುವಂಥ ಚಿತ್ರ ಬರೀತೀನಿ, ನಿಲ್ಲದಿದ್ದರೆ ನಿಮ್ಮಿಷ್ಟ ಅಂದಳಂತೆ. ಗೋಡೆ ತನ್ನದಲ್ಲವಾದ್ದರಿಂದ ಗೌಡ ಧಾರಾಳವಾಗಿ ಒಪ್ಪಿದನಂತೆ.

ಮೊದಲು ಹುಲಿ ಬರೆದಳು. ಚಿತ್ರಗಾರರಲ್ಲಿ ಕಣ್ಣು ಕೊನೆಗೆ ಬರೆಯೋದು, ಕಣ್ಣು ತೆರೆಸಿದರೆ ಚಿತ್ರಕ್ಕೆ ಜೀವ ಬರುತ್ತೆ ಅಂತ ನಂಬಿಕೆ. ಹುಲಿ ಕಣ್ಣು ಬಿಟ್ಟಿತು, ಹೆಂಗಸರು ಕೊಡ ಬಿಸಾಕಿ ಓಡಿದರು, ನಾಯಿಗಳು ಹುಲಿಗೆ ಬೊಗಳಿದವು, ಬೊಗಳಿದ್ದಕ್ಕೆ ಜನ ದೂರದಿಂದಲೇ ಕಲ್ಲು ಎಸೆದರಂತೆ. ಆಮೇಲೆ ಸುಣ್ಣ ಬಳಿದು ರಾಜನನ್ನು ಬರೆದಳು. ರಾಜ ಕಣ್ಣು ಬಿಟ್ಟ, ನ್ಯಾಯ ನೋಡುವವನೊಬ್ಬ ಬಂದ ಅಂತ ಊರಿನ ಜಗಳವೆಲ್ಲ ಅವನ ಮುಂದಕ್ಕೇ ಬಂತು. ನಾಯಿಗೆ ಬೀಳುವ ಕಲ್ಲು ಕಡಿಮೆಯಾಯಿತಂತೆ, ಮನುಷ್ಯರಿಗೇ ಸಾಲುತ್ತಿರಲಿಲ್ಲವಂತೆ.

ಅದಕ್ಕೂ ಸುಣ್ಣ ಬಳಿದಳು. ಅಮಾವಾಸ್ಯೆಗೆ ಒಂದೇ ಹಗಲು ಉಳಿದಿತ್ತು. ಊರನ್ನು ತಿದ್ದುವ ಚಿತ್ರ ಯಾವುದೂ ಹೊಳೆಯಲಿಲ್ಲ, ಮಗಳ ಮುಖ ಒಂದು ಸಲ ನೋಡಬೇಕು ಅನ್ನಿಸಿತು. ಗೋಡೆಯ ಬುಡದಲ್ಲಿ, ನೆಲಕ್ಕೆ ತಾಗಿ, ಮಗ್ಗುಲಾಗಿ ಒರಗಿದ ರಂಗಿಯನ್ನು ಬರೆದಳು. ಕೊನೆಗೆ ಕಣ್ಣು ಬರೆಯಲು ಕುಂಚ ಎತ್ತಿದಳು. ತೆರೆದರೆ ಈ ಓಣಿಯನ್ನೇ ನೋಡಬೇಕಲ್ಲ ಅನ್ನಿಸಿ ಕೈ ಬರಲಿಲ್ಲ. ರೆಪ್ಪೆ ಮುಚ್ಚಿಯೇ ಬಿಟ್ಟಳಂತೆ.

ಬೆಳಿಗ್ಗೆ ಗೌಡ ದೊಣ್ಣೆ ಹಿಡಿದು ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಬೂದ್ಯಾ ಚಿತ್ರದ ಹೊಟ್ಟೆಗೆ ಬೆನ್ನು ಹಚ್ಚಿ ನಿದ್ದೆ ಹೋಗಿದ್ದ. ಎಲ್ಲಿ ಆ ನಾಯಿ ಅಂತ ಗೌಡ ಕೂಗುವಷ್ಟರಲ್ಲಿ, ಕೊಡ ಹೊತ್ತ ಒಬ್ಬ ಮುದುಕಿ ಬಾಯಿಗೆ ಬೆರಳಿಟ್ಟಳಂತೆ.

“ಮೆಲ್ಲಗ ಮಾತಾಡಪ್ಪಾ, ಕೂಸು ಮಲಗೈತಿ.”

ಗೌಡ ದೊಣ್ಣೆಯನ್ನು ಸಪ್ಪಳವಾಗದ ಹಾಗೆ ನೆಲಕ್ಕಿಟ್ಟನಂತೆ. ರಂಗಿ ಬದುಕಿದ್ದಾಗ ಅಷ್ಟು ಜೋಪಾನ ಯಾರೂ ಮಾಡಿರಲಿಲ್ಲ. ಆಮೇಲೆ ಆ ಓಣಿಯಲ್ಲಿ ಎಲ್ಲರೂ ಹೆಜ್ಜೆ ಸದ್ದು ಮಾಡದೆ ನಡೆದರು, ನಾಯಿ, ಮೇಕೆ, ದಣಿದ ಹೆಂಗಸರು ಅದೇ ಗೋಡೆಗೆ ಒರಗಿ ಕಣ್ಣು ಮುಚ್ಚಿದರು, ಕಲ್ಲುಗಳು ಬಿದ್ದಲ್ಲೇ ಬಿದ್ದಿದ್ದವಂತೆ. ಮಳೆಗೆ ಬಣ್ಣ ಹೋದಾಗೆಲ್ಲ ದ್ಯಾಮವ್ವ ಮತ್ತೆ ಬರೆದಳು. ಒಂದು ದೀಪಾವಳಿಗೆ ಗೌಡನೇ ಬಂದು, ಹಬ್ಬದ ದಿನವಾದರೂ ಕೂಸಿನ ಕಣ್ಣು ತೆರೆಸವ್ವಾ, ಊರೆಲ್ಲ ನೋಡಲಿ ಅಂದನಂತೆ.

“ಕಣ್ಣ ತೆರದ್ರ ಮನೀಗೆ ಹೋಗೂಣು ಅಂತಾಳ, ಗೌಡ್ರ. ನಾ ಹೆಂಗ ಕರಕೊಂಡು ಹೋಗ್ಲಿ?”

ಅಂತ ಹೇಳಿ, ಬೂದ್ಯಾನಿಗೆ ಹೋಳಿಗೆಯ ತುಂಡು ಹಾಕಿ, ಅಲ್ಲೇ ಮಗಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಮಲಗಿದಳಂತೆ. ಯಾರೂ ಎಬ್ಬಿಸಲಿಲ್ಲವಂತೆ. ಕತೆ ಮುಗೀತು ಮಗಾ, ನೀನೂ ಕಣ್ಣು ಮುಚ್ಚು, ಬೆಳಿಗ್ಗೆ ಬಿಡುವೆಯಂತೆ.