ಗೇಣುದ್ದ ಹಳೆಯ ಹಾಸು

"ಕುರ್ಚಿಯ ಮೇಲೆ ಕೂತು ಮಾಡಿದರೆ ಅದು ಯೋಗವಾಗುತ್ತದೆಯೇ, ಗುರುಗಳೇ?" ಎಂದು ನೇಮಿರಾಜ ಕೇಳಿದ.

ಕೇಳಿದ್ದು ತಿಳಿದುಕೊಳ್ಳಲಿಕ್ಕಲ್ಲ, ಹೊರಟುಹೋಗಲಿಕ್ಕೆ. ಉತ್ತರ ಏನೇ ಬರಲಿ, ಮನೆಗೆ ಹೋಗುವುದೆಂದು ಅವನು ಆಗಲೇ ನಿಶ್ಚಯಿಸಿಯಾಗಿತ್ತು.

ಅವನು ನೇಕಾರರ ಬೀದಿಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮೇಷ್ಟರಾಗಿದ್ದವನು. ಮಕ್ಕಳ ಮೊಣಕಾಲು ಒಂದಿಷ್ಟು ಬಾಗಿದರೂ ಸೀಟಿ ಊದಿ ಮೊದಲಿನಿಂದ ಮಾಡಿಸುತ್ತಿದ್ದ. ನಿವೃತ್ತನಾದ ಮೇಲೆ ತನ್ನ ಮೈಯನ್ನು ದುಡಿಸುವುದು ಬಿಟ್ಟ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮಂಡಿ ಮಡಿಸುವುದು ಕಷ್ಟವಾಯಿತು, ತೋಳು ಹೆಗಲಿನ ಮೇಲಕ್ಕೆ ಏಳದಾಯಿತು. ಅಂಗಿಯ ತೋಳಿನೊಳಗೆ ಕೈ ತೂರಿಸಲು ಹೆಂಡತಿ ಬರಬೇಕು. ಕೀಲುಗಳನ್ನು ದಿನವೂ ಆಡಿಸದಿದ್ದರೆ ಹಾಸಿಗೆಯಿಂದ ಎಬ್ಬಿಸಲಿಕ್ಕೂ ಒಬ್ಬರು ಬೇಕಾದೀತು ಎಂದು ವೈದ್ಯರು ಎಚ್ಚರಿಸಿದ್ದರು. ಆ ಹೆದರಿಕೆಯೇ ಅವನನ್ನು ಗುರುಗಳ ಹತ್ತಿರ ಕಳಿಸಿತ್ತು.

ಗುರುಗಳು ಎಂಬತ್ತರ ಹತ್ತಿರದವರು. ಊರಿನ ವ್ಯಾಯಾಮ ಮಂದಿರದಲ್ಲಿ ಬೆಳಿಗ್ಗೆ ಆಸನಗಳನ್ನು ಕಲಿಸುತ್ತಿದ್ದರು. ಹಿಂದಿನ ವಾರ ನೇಮಿರಾಜ ಮೊದಲ ಸಲ ಬಂದಾಗ, "ಮೊದಲು ನಿನ್ನಿಂದ ಏನಾಗುತ್ತದೆ ನೋಡೋಣ" ಎಂದಿದ್ದರು. ಅವನು ನೋಡಗೊಡಲಿಲ್ಲ. ಎಲ್ಲರಂತೆ ನೆಲದ ಮೇಲೆ ವಜ್ರಾಸನ ಹಾಕಿದ. ಹಲ್ಲು ಕಚ್ಚಿಕೊಂಡು ಎರಡು ನಿಮಿಷ ಕೂತೇ ಇದ್ದ. ಎಬ್ಬಿಸಲು ಇಬ್ಬರು ಬೇಕಾದರು. ಮಂಡಿ ಊದಿಕೊಂಡು ಐದು ದಿನ ಮಲಗಿದ.

ಈ ದಿನ ಬಂದು ನೋಡಿದರೆ, ಚಾಪೆಗಳ ಸಾಲಿನ ತುದಿಯಲ್ಲಿ ಅವನಿಗೆಂದು ಒಂದು ಕುರ್ಚಿ ಇತ್ತು. ಕೈಗಳಿಲ್ಲದ ಮರದ ಕುರ್ಚಿ. ಜಾರದಂತೆ ಅದರ ಬೆನ್ನನ್ನು ಗೋಡೆಗೆ ತಾಗಿಸಿದ್ದರು. ಗುರುಗಳು ಅವನನ್ನು ನಿಲ್ಲಿಸಿ ತೋಳು ಎತ್ತಿ ನೋಡಿದರು, ಕತ್ತು ತಿರುಗಿಸಿ ನೋಡಿದರು, ಪಾದ ಆಡಿಸಿ ನೋಡಿದರು.

"ತೋಳು ಹೆಗಲಿನವರೆಗೆ ಬರುತ್ತದೆ. ಕತ್ತು ಎರಡೂ ಕಡೆ ಅರ್ಧರ್ಧ ತಿರುಗುತ್ತದೆ. ಪಾದದ ಗಿಣ್ಣು ಚೆನ್ನಾಗಿದೆ. ಇಷ್ಟು ಉಳಿದಿದೆ, ಇದರಿಂದಲೇ ಶುರು" ಎಂದರು.

ಆಮೇಲೆ ಕ್ರಮ ಹೇಳಿದರು. ಸ್ವಲ್ಪ ಮುಂದಕ್ಕೆ ಸರಿದು ಕೂರಬೇಕು, ಬೆನ್ನು ಒರಗಿಸಬಾರದು. ಎರಡೂ ಅಂಗಾಲು ನೆಲಕ್ಕೆ ಪೂರ್ತಿ ತಾಗಬೇಕು. ತಾಗದಿದ್ದರೆ ಕಂಬಳಿ ಮಡಿಸಿ ಕೆಳಗಿಡಬೇಕು. ಉಸಿರು ಎಳೆಯುತ್ತ ತೋಳು ಏಳುವಷ್ಟೇ ಎತ್ತಬೇಕು, ಬಿಡುತ್ತ ಇಳಿಸಬೇಕು. ಕತ್ತು ಎಡಕ್ಕೆ, ಬಲಕ್ಕೆ. ಒಂದೊಂದೇ ಪಾದ ಎತ್ತಿ ಗಿಣ್ಣು ತಿರುಗಿಸಬೇಕು. ನೋವು ಬರುವುದಕ್ಕೆ ಮೊದಲೇ ನಿಲ್ಲಿಸಬೇಕು. ಐದೈದು ಸಲ ಸಾಕು.

ನೇಮಿರಾಜ ಆ ಪ್ರಶ್ನೆ ಕೇಳಿದ್ದು ಆಗ. ಉತ್ತರಕ್ಕೆ ಕಾಯದೆ ಮುಂದುವರಿಸಿದ.

"ಕುರ್ಚಿ ಹಿಡಿದು ಕೂರುವುದು ರಾಜಕಾರಣಿಗಳ ವಿದ್ಯೆ. ನನಗೆ ಬೇಡ. ಆರು ತಿಂಗಳು ಸುಮ್ಮನಿದ್ದು ಮಂಡಿ ವಾಸಿ ಮಾಡಿಕೊಳ್ಳುತ್ತೇನೆ. ಬಂದರೆ ನೆಲಕ್ಕೇ ಬರುತ್ತೇನೆ. ಅಲ್ಲಿಯ ತನಕ ಏನೂ ಬೇಡ."

ಪಕ್ಕದ ಚಾಪೆಯಲ್ಲಿ ದರ್ಜಿ ಕೆಲಸದ ಜುಬೇದಾ ಇದ್ದಳು. ಅವನ ಹಳೆಯ ವಿದ್ಯಾರ್ಥಿನಿ. "ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿ ನೀವು ಕುರ್ಚಿಯಲ್ಲೇ ಕೂತು ಸೀಟಿ ಊದುತ್ತಿದ್ದಿರಲ್ಲ, ಸರ್" ಎಂದಳು.

"ನೀನು ಆಗಲೂ ಬಾಯಿಬಡುಕಿಯೇ."

ಗುರುಗಳು ನಗಲಿಲ್ಲ. "ಹೋಗುವವನನ್ನು ನಾನು ಹಿಡಿಯುವುದಿಲ್ಲ. ಒಂದು ಕತೆ ಇದೆ, ಕೇಳಿ ಹೋಗು" ಎಂದರು. ನೇಮಿರಾಜ ಬಾಗಿಲಿಗೆ ಒರಗಿ ನಿಂತೇ ಕೇಳಿದ. ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ರೇಷ್ಮೆ ಸೀರೆ ನೇಯುವುದರಲ್ಲಿ ಎತ್ತಿದ ಕೈ. ಅವನ ಸೀರೆಯನ್ನು ವ್ಯಾಪಾರಿ ಬಿಚ್ಚಿ ನೋಡದೆಯೇ ಒಯ್ಯುತ್ತಿದ್ದ.

ನೇಕಾರರಲ್ಲಿ ಒಂದು ರೂಢಿ ಇದೆ. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲನ್ನು, ಅಂದರೆ ಹಾಸನ್ನು, ಕೊನೆಯವರೆಗೆ ನೇಯುವುದಿಲ್ಲ. ಗೇಣುದ್ದ ಬಿಟ್ಟು ಸೀರೆಯನ್ನು ಕತ್ತರಿಸುತ್ತಾರೆ. ಆ ಗೇಣು, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳಲ್ಲಿ ಹಾಗೆಯೇ ಉಳಿದಿರುತ್ತದೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚುವುದು ಎಂದು ಹೆಸರು. ಕೆಚ್ಚಿ ಹಳೆಯದನ್ನು ಎಳೆದರೆ ಹೊಸದು ತಾನಾಗಿ ಹಲ್ಲಿನೊಳಗೆ ನಡೆದು ಬರುತ್ತದೆ. ಆ ಗೇಣುದ್ದದಲ್ಲಿ ಸೀರೆ ಆಗದು, ಕರವಸ್ತ್ರವೂ ಆಗದು. ಆದರೂ ಅದನ್ನು ಯಾರೂ ಕಿತ್ತು ಬಿಸಾಡುವುದಿಲ್ಲ.

ಒಂದು ವರ್ಷ ನೇಕಾರನಿಗೆ ಜ್ವರ ಬಂದು ಬಲಗೈ ಸೋತುಹೋಯಿತು. ಎಂಟು ತಿಂಗಳು ಮಲಗಿದ. ಎದ್ದು ಮಗ್ಗದಲ್ಲಿ ಕೂತರೆ ಅಡ್ಡ ನೂಲು ಒಯ್ಯುವ ಲಾಳಿ ಎಸೆದರೆ ಅರ್ಧಕ್ಕೇ ನಿಲ್ಲುತ್ತಿತ್ತು.

ಹೆಂಡತಿ ಹೇಳಿದಳು: "ನಡುವಿನ ಎಳೆಗಳಿಗಷ್ಟೇ ಹತ್ತಿ ನೂಲು ಕೆಚ್ಚಿಸೋಣ. ಅಗಲ ಕಡಿಮೆ, ಕೈಗೆ ಎಟುಕುತ್ತದೆ. ದಿನಕ್ಕೊಂದು ಟವೆಲು ನೇಯಿ, ಸಾಕು."

"ಸೀರೆ ನೇಯ್ದ ಮಗ್ಗದಲ್ಲಿ ಟವೆಲೇ? ಬೀದಿಯವರು ನೋಡಿದರೆ?"

"ನೋಡಿದವರಿಗೆ ಒಂದೊಂದು ಕೊಡು, ಮುಖ ಒರೆಸಿಕೊಳ್ಳಲಿ."

ಅವನು ಒಪ್ಪಲಿಲ್ಲ. ಕೈ ಪೂರ್ತಿ ಬಂದ ದಿನ ಸೀರೆಯಿಂದಲೇ ಶುರು ಎಂದ. ಅಲ್ಲಿಯವರೆಗೆ ಮಗ್ಗ ಚೊಕ್ಕಟವಾಗಿರಲಿ ಎಂದು ಧೂಳು ಹಿಡಿದಿದ್ದ ಆ ಗೇಣುದ್ದ ಹಾಸನ್ನು ಹಣಿಗೆಯಿಂದ ಎಳೆದು ತೆಗೆದ. ಹಣಿಗೆಯನ್ನು ತೊಳೆದ. ಮರಕ್ಕೆ ಎಣ್ಣೆ ಹಚ್ಚಿದ. ಮಗ್ಗ ಹೊಸದರಂತೆ ಕಂಡಿತು. ಅವನಿಗೆ ಏನೋ ಕೆಲಸ ಮಾಡಿದ ಸಮಾಧಾನವೂ ಆಯಿತು.

ಕೈ ಬರಲೆಂದು ಕಾದ. ದುಡಿಯದ ಕೈ ತಡವಾಗಿ ಬಂತು. ಎರಡನೆಯ ವರ್ಷ ಮುಗಿಯುತ್ತಿರುವಾಗ ಲಾಳಿ ಆಚೆ ಬದಿ ಮುಟ್ಟುವಷ್ಟು ತೋಳು ಬೀಸಿತು. ಖುಷಿಯಲ್ಲಿ ರೇಷ್ಮೆಯ ಹಾಸು ತರಿಸಿದ. ಹಳೆಯ ಅಭ್ಯಾಸದಂತೆ ಕೆಚ್ಚುವ ಹೆಂಗಸಿಗೆ ಹೇಳಿಕಳಿಸಿದ. ಅವಳು ಬಂದು, ಹೊಸೆಯುವಾಗ ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಮಗ್ಗದ ಮುಂದೆ ಕೂತಳು. ಹಣಿಗೆಯನ್ನು ನೋಡಿದಳು. ಅವನನ್ನು ನೋಡಿದಳು.

"ಯಾವುದಕ್ಕೆ ಕೆಚ್ಚಲಿ ಅಣ್ಣಾ?" ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಗುರುಗಳು ಏನು ಹೇಳುತ್ತಿದ್ದಾರೆಂದು ನೇಮಿರಾಜನಿಗೆ ತಿಳಿಯದೆ ಇರಲಿಲ್ಲ. ಆದರೆ ಅವನು ಮೂವತ್ತೊಂದು ವರ್ಷ ನೇಕಾರರ ಮಕ್ಕಳ ನಡುವೆ ಇದ್ದವನು. ಅವರ ಮನೆಗಳ ಮಗ್ಗ ನೋಡಿದವನು. ಕತೆಯಲ್ಲಿ ಒಂದು ತೂತು ಅವನ ಕಣ್ಣಿಗೆ ಬಿತ್ತು. ತಪ್ಪು ಕಂಡ ಮೇಲೆ ಹೇಳದೆ ಬಿಡುವ ಅಭ್ಯಾಸ ಅವನಿಗಿರಲಿಲ್ಲ.

"ಕೆಚ್ಚಲಾಗದಿದ್ದರೇನು ಗುರುಗಳೇ? ಬರಿಯ ಹಣಿಗೆಗೂ ಹೊಸದಾಗಿ ಎಳೆ ಪೋಣಿಸುತ್ತಾರೆ. ನಾನೇ ನೋಡಿದ್ದೇನೆ. ಒಬ್ಬರು ಎಳೆ ಕೊಡಬೇಕು, ಒಬ್ಬರು ಹಣಿಗೆಯ ಹಲ್ಲಿನ ಸಂದಿಯಿಂದ ಎಳೆದುಕೊಳ್ಳಬೇಕು. ಸಾವಿರಾರು ಎಳೆ, ಕಣ್ಣು ಸೋಲುತ್ತದೆ, ನಿಜ. ಆದರೂ ವಾರದಲ್ಲಿ ಮುಗಿಯುತ್ತದೆ."

"ಹೌದು. ಅವನಿಗೂ ಹಾಗೆಯೇ ಪೋಣಿಸಿಕೊಟ್ಟರು. ಇಬ್ಬರು ಬಂದರು, ಆರು ದಿನ ಕೂತರು. ಆಮೇಲೆ ಅವನು ಸೀರೆ ನೇಯ್ದ."

"ಅಂದಮೇಲೆ ಅವನು ಕಳೆದುಕೊಂಡದ್ದೇನು? ಒಂದು ವಾರ" ಎಂದ ನೇಮಿರಾಜ. ವಾದ ಗೆದ್ದಾಗಿತ್ತು. ಅವನು ಹೊರಡಲು ತಿರುಗಿದ.

"ಅವನು ಬರಿದು ಮಾಡಿಕೊಂಡದ್ದು ಮಗ್ಗ. ಅದಕ್ಕೆ ಪೋಣಿಸಲು ಜನ ಸಿಕ್ಕರು. ನಿನ್ನ ಮೈಯಲ್ಲಿ ಉಳಿದಿರುವ ಗೇಣೂ ಹೋದ ಮೇಲೆ ನೀನು ಯಾರಿಗೆ ಹೇಳಿಕಳಿಸುತ್ತೀ?" ಎಂದರು ಗುರುಗಳು.

ನೇಮಿರಾಜ ಬಾಗಿಲಿನಿಂದ ಹಿಂದಿರುಗಿ ಬಂದು, ಬೆನ್ನು ಒರಗಿಸದೆ ಆ ಕುರ್ಚಿಯ ಮೇಲೆ ಕೂತ.